‘ಲೈಟ್‌ನಲ್ಲಿ ಇಟ್ಟಿದ್ರು ಮೇಡಂ’

ನಾನು ಫಿಸಿಯೋಥೆರಪಿಸ್ಟ್. ಶಿವಮೊಗ್ಗದಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಕತ್ತು ನಿಲ್ಲದ, ಕೂರಲಾಗದ, ಕೈಕಾಲು ಬಿಗಿದುಕೊಂಡ ಮಕ್ಕಳು, ಪದೇಪದೇ ಫಿಟ್ಸ್ ಬರುವ ಮಕ್ಕಳು. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬೆಳಗಿನ ಮೊದಲ ಬಸ್ಸು ಹತ್ತಿ, ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ತಾಯಂದಿರು ಬರುತ್ತಾರೆ. ಮೊದಲ ದಿನ ಬಂದವರ ಹತ್ತಿರ ಕೇಳಿ ಒಂದು ಫಾರಂ ತುಂಬಬೇಕು. ಬಸುರಿಯಲ್ಲಿ ಬಿಪಿ ಇತ್ತಾ, ಶುಗರ್ ಇತ್ತಾ, ಜ್ವರ ಬಂದಿತ್ತಾ, ಎಷ್ಟು ತಿಂಗಳಿಗೆ ಹೆರಿಗೆ, ಮಗು ಹುಟ್ಟಿದ ಕೂಡಲೇ ಅತ್ತಿತಾ, ತೂಕ ಎಷ್ಟು, ಕಾಮಾಲೆ ಆಗಿತ್ತಾ. ಎರಡು ಪುಟ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಬೇಗ ಮುಗಿಸಿ ಮಗುವನ್ನು ಮ್ಯಾಟ್ ಮೇಲೆ ಮಲಗಿಸಬೇಕು, ನನ್ನ ಕೆಲಸ ಶುರುವಾಗೋದೇ ಅಲ್ಲಿ ಅಂದುಕೊಂಡಿದ್ದೆ. ಆ ಫಾರಂನಲ್ಲಿ ನನ್ನ ಕೈಯಾರೆ ಬರೆದ ಒಂದು ಸಾಲನ್ನು ನಾನೇ ಸರಿಯಾಗಿ ಓದಲಿಲ್ಲ. ಅದರಿಂದ ಒಂದು ಮಗುವಿನ ಒಂದು ವರ್ಷ ಹೋಯಿತು.

ಶರಾವತಿ ಹಿನ್ನೀರಿನ ಆಚೆ ಕಡೆಯವರು. ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಇದು ಅದಕ್ಕೂ ಹಿಂದಿನ ಮಾತು. ಆಗ ಲಾಂಚ್‌ನಲ್ಲಿ, ಅಂದರೆ ಜನರನ್ನು ದಾಟಿಸುವ ದೊಡ್ಡ ದೋಣಿಯಲ್ಲಿ, ನೀರು ದಾಟಿಯೇ ಸಾಗರಕ್ಕೆ ಬರಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಏನೇ ಆದರೂ ಕಾಡಿನ ದಾರಿಯಲ್ಲಿ ಸುತ್ತಿಕೊಂಡು ಬರಬೇಕು. ತಾಯಿ ಇನ್ನೂ ಚಿಕ್ಕ ವಯಸ್ಸಿನವರು, ಜೊತೆಗೆ ಅತ್ತೆ ಬಂದಿದ್ದರು. ಮಗನಿಗೆ 10 ತಿಂಗಳು, ಕತ್ತು ನಿಂತಿರಲಿಲ್ಲ. ಏನಾದರೂ ಹಿಡಿಯೋಕೆ ಕೈ ಚಾಚಿದರೆ ಬೆರಳುಗಳು ತಮ್ಮಷ್ಟಕ್ಕೆ ತಿರುಚಿಕೊಳ್ಳುತ್ತಿದ್ದವು, ಕೈ ಬೇರೆ ಕಡೆಗೇ ಹೋಗುತ್ತಿತ್ತು. ಆದರೆ ಮುಖ ನೋಡಿದರೆ ಎಲ್ಲ ಗೊತ್ತಾಗುವ ಮಗು. ನಾನು ನಕ್ಕರೆ ಮೈಯೆಲ್ಲ ಅಲುಗಾಡಿಸಿ ನಗುತ್ತಿತ್ತು.

ಕಾಮಾಲೆ ಆಗಿತ್ತಾ ಅಂತ ಕೇಳಿದೆ. ‘ಎಲ್ಲ ಮಕ್ಕಳಿಗೂ ಆಗುತ್ತಲ್ಲ, ಇವನಿಗೂ ಸ್ವಲ್ಪ ಆಗಿತ್ತು’ ಅಂತ ಅತ್ತೆಯೇ ಉತ್ತರ ಕೊಟ್ಟರು. ತಾಯಿ ಮೆಲ್ಲಗೆ ‘ಲೈಟ್‌ನಲ್ಲಿ ಇಟ್ಟಿದ್ರು ಮೇಡಂ’ ಅಂದರು. ಕಾಮಾಲೆ ಇಳಿಸೋಕೆ ಮಗುವನ್ನು ನೀಲಿ ಲೈಟಿನ ಕೆಳಗೆ ಇಡುವ ಚಿಕಿತ್ಸೆ ಅದು. ನಾನು ‘ಕಾಮಾಲೆ: ಹೌದು, ಫೋಟೋಥೆರಪಿ’ ಅಂತ ಬರೆದು ಮುಂದಿನ ಪ್ರಶ್ನೆಗೆ ಹೋದೆ. ಎಷ್ಟನೇ ದಿನಕ್ಕೆ ಹಳದಿಯಾಯಿತು, ಲೈಟ್‌ನಲ್ಲಿ ಎಷ್ಟು ದಿನ ಇದ್ದ, ರಕ್ತ ಬದಲಾಯಿಸಿದರಾ, ಒಂದನ್ನೂ ಕೇಳಲಿಲ್ಲ. ಕಿವಿ ಪರೀಕ್ಷೆಯ ಚೀಟಿ ಫೈಲಿನಲ್ಲಿತ್ತು. ಎರಡೂ ಕಿವಿ ಪಾಸ್. ಸರಿ ಅಂತ ಅದನ್ನೂ ಬದಿಗಿಟ್ಟೆ.

ಆಮೇಲೆ ಅವರು ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಉಳಿದ ದಿನ ಮನೆಯಲ್ಲೇ ವ್ಯಾಯಾಮ, ಅದನ್ನೂ ತಪ್ಪದೆ ಮಾಡಿಸುತ್ತಿದ್ದರು. ಎರಡು ಸಲ ಆ ತಾಯಿ ನನಗೆ ‘ಕರೆದರೆ ತಿರುಗಲ್ಲ ಮೇಡಂ’ ಅಂತ ಹೇಳಿದ್ದಾರೆ. ಎರಡು ಸಲವೂ ನನ್ನ ಉತ್ತರ ಒಂದೇ: ಕತ್ತಿನ ಹಿಡಿತ ಬಂದಿಲ್ಲವಲ್ಲ, ಹೇಗೆ ತಿರುಗುತ್ತಾನೆ, ಕಿವಿ ಟೆಸ್ಟ್ ಪಾಸ್ ಆಗಿದೆ, ಯೋಚನೆ ಮಾಡಬೇಡಿ. ನಾನು ಕತ್ತಿನ ಕೆಲಸದವಳು, ನನಗೆ ಎಲ್ಲವೂ ಕತ್ತಿನ ತೊಂದರೆಯಾಗಿಯೇ ಕಂಡಿತು. ಒಂದು ದಿನ ನಮ್ಮ ಕೋಣೆಯಲ್ಲೇ ಒಂದು ಸ್ಟೀಲ್ ತಟ್ಟೆ ನೆಲಕ್ಕೆ ಬಿತ್ತು. ಪಕ್ಕದ ಮ್ಯಾಟ್‌ನಲ್ಲಿದ್ದ ಮಗು ಬೆಚ್ಚಿಬಿದ್ದು ಅತ್ತಿತು. ಇವನು ರೆಪ್ಪೆ ಕೂಡ ಬಡಿಯಲಿಲ್ಲ. ತಾಯಿ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು.

ಅವತ್ತೇ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹತ್ತಿರ ಕಳಿಸಿದೆ. ಅವರು ಫೈಲ್ ತೆರೆದು, ನಾನು ಬರೆದಿದ್ದ ಆ ಸಾಲಿನ ಮೇಲೆ ಬೆರಳಿಟ್ಟು, ‘ಇಷ್ಟು ಇದ್ದೂ ಬೆರಾ ಮಾಡಿಸಿಲ್ವಾ?’ ಅಂತ ಕೇಳಿದರು. ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಮಾಡುವ ಪರೀಕ್ಷೆ ಒಎಇ. ಕಿವಿಯೊಳಗಿನ ಕೂದಲಿನಂಥ ಕೋಶಗಳು ಕೆಲಸ ಮಾಡುತ್ತಿವೆಯಾ ಅಂತ ಅದು ನೋಡುತ್ತದೆ. ಕಿವಿಯಿಂದ ಮಿದುಳಿಗೆ ಹೋಗುವ ನರದ ದಾರಿ ಸರಿ ಇದೆಯಾ ಅಂತ ನೋಡೋದು ಬೆರಾ. ಕಾಮಾಲೆ ತೀರಾ ಏರಿದಾಗ ಪೆಟ್ಟು ಬೀಳೋದು ಹೆಚ್ಚಾಗಿ ಆ ನರದ ದಾರಿಗೆ. ಕಿವಿ ಸರಿ ಇರುತ್ತದೆ, ಒಎಇ ಪಾಸ್ ಆಗುತ್ತದೆ, ಮಗುವಿಗೆ ಮಾತ್ರ ಮಾತು ಮಾತಾಗಿ ಕೇಳಿಸೋದಿಲ್ಲ. ಇವನ ಬೆರಾದಲ್ಲಿ ಬರಬೇಕಾದ ಅಲೆಗಳು ಬರಲಿಲ್ಲ. ಆಗ ಅವನಿಗೆ 23 ತಿಂಗಳು. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಏನು ತೊಂದರೆ ಅಂತ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಆಗಬೇಕು ಅನ್ನೋ ಲೆಕ್ಕ ನನಗೆ ಕಾಲೇಜಿನಿಂದಲೂ ಗೊತ್ತಿತ್ತು.

ಆ ದಿನ ಅತ್ತೆ ಟೀ ಕುಡಿಯೋಕೆ ಹೋಗಿದ್ದಾಗ, ಹೊರಗಿನ ಬೆಂಚಿನ ಮೇಲೆ ಕೂತು ತಾಯಿ ಎಲ್ಲ ಹೇಳಿದರು. 36 ವಾರಕ್ಕೇ ಹೆರಿಗೆಯಾಗಿತ್ತು. ತೂಕ 2 ಕಿಲೋ 300 ಗ್ರಾಂ. ಮೂರನೇ ದಿನ ಡಿಸ್ಚಾರ್ಜ್ ಆಗಿ ತವರಿಗೆ ಹೋದರು. ಪುಷ್ಯ ಮಳೆ ಹಿಡಿದಿತ್ತು, ಕರೆಂಟ್ ಇರಲಿಲ್ಲ. ಬಾಣಂತಿ ಕೋಣೆಗೆ ಒಂದೇ ಸಣ್ಣ ಕಿಟಕಿ, ಅದಕ್ಕೂ ಗಾಳಿ ಬರಬಾರದು ಅಂತ ಬಟ್ಟೆ ಕಟ್ಟಿದ್ದರು. ದಿನಾ ಎಣ್ಣೆ, ಅರಿಶಿನ ಹಚ್ಚಿ ಮೀಯಿಸುತ್ತಿದ್ದರು. ಅರಿಶಿನ ಹಚ್ಚಿದ ಮೈಯಲ್ಲಿ, ಆ ಕತ್ತಲೆಯಲ್ಲಿ, ಹಳದಿ ಯಾರ ಕಣ್ಣಿಗೆ ಬೀಳಬೇಕು? ಐದನೇ ದಿನ ಮಗು ಜಾಸ್ತಿ ನಿದ್ದೆ ಮಾಡತೊಡಗಿತು. ಹಾಲಿಗೂ ಏಳುತ್ತಿರಲಿಲ್ಲ. ಒಳ್ಳೆ ಮಗು, ರಾತ್ರಿ ಕಾಟ ಕೊಡಲ್ಲ ಅಂತ ಮನೆಯವರು ಸಮಾಧಾನ ಪಟ್ಟುಕೊಂಡರು. ತಾಯಿಗೆ ಮಾತ್ರ ಎದೆ ಕಟ್ಟಿಕೊಂಡು ನೋವು, ಏನೋ ಸರಿಯಿಲ್ಲ ಅನಿಸಿ ಹೇಳಿದರೆ, ಚೊಚ್ಚಲ ಬಾಣಂತಿಗೆ ಎಲ್ಲಾ ಹೆದರಿಕೆಯೇ ಅಂದರು. ಏಳನೇ ದಿನ ಸಂಜೆ ಮಗು ಕೀರಲು ದನಿಯಲ್ಲಿ ಅಳುತ್ತಾ ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಗ್ಗಿಸಿತು. ಲಾಂಚ್ ನಿಂತಿತ್ತು. ಬೆಳಗಿನ ಮೊದಲ ಲಾಂಚಿಗೆ ಹೊರಟರು. ಆಸ್ಪತ್ರೆಯಲ್ಲಿ ರಕ್ತ ಬದಲಾಯಿಸಿದರು, ನೀಲಿ ಲೈಟ್‌ನಲ್ಲಿ ಇಟ್ಟರು, ಮಗು ಉಳಿಯಿತು. ಇಷ್ಟೂ ಕಥೆ ‘ಲೈಟ್‌ನಲ್ಲಿ ಇಟ್ಟಿದ್ರು’ ಅನ್ನುವ ಮಾತಿನೊಳಗೆ ಇತ್ತು. ನಾನು ಕೇಳಿದ್ದರೆ ಮೊದಲ ದಿನವೇ ಸಿಗುತ್ತಿತ್ತು.

ಇದನ್ನು ಓದಿ ಯಾರೂ ಗಾಬರಿಯಾಗಬಾರದು. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ, ಬಹುತೇಕ ತಾನಾಗಿ ಇಳಿಯುತ್ತದೆ. ಲೈಟ್‌ನಲ್ಲಿಟ್ಟ ಮಕ್ಕಳಲ್ಲೂ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಕಾಮಾಲೆಗೆ ಕಾರಣ ಬಿಲಿರುಬಿನ್. ಹಳೆಯ ರಕ್ತಕಣ ಒಡೆದಾಗ ಹುಟ್ಟುವ ಹಳದಿ ವಸ್ತು ಅದು. ಎಳೆ ಮಗುವಿನ ಲಿವರ್ ಅದನ್ನು ಹೊರಹಾಕೋದು ನಿಧಾನ. ಅದು ತೀರಾ ಏರಿದಾಗ ಮಿದುಳಿನ ಆಳಕ್ಕೆ, ಚಲನೆಯನ್ನು ಹತೋಟಿಯಲ್ಲಿಡುವ ಭಾಗಕ್ಕೆ ಮತ್ತು ಕೇಳುವ ನರದ ದಾರಿಗೆ ಇಳಿಯುತ್ತದೆ. ಅದಕ್ಕೇ ಇಂಥ ಮಕ್ಕಳಲ್ಲಿ ಕೈಕಾಲು ತಿರುಚುತ್ತವೆ, ಕಿವಿ ಹೋಗುತ್ತದೆ, ಕಣ್ಣು ಮೇಲಕ್ಕೆ ಎತ್ತೋದು ಕಷ್ಟವಾಗುತ್ತದೆ, ಎಷ್ಟೋ ಸಲ ಬುದ್ಧಿ ಮಾತ್ರ ಚುರುಕಾಗಿಯೇ ಉಳಿದಿರುತ್ತದೆ. ತಿಂಗಳು ತುಂಬದ ಮಗು, ಹಾಲು ಸರಿಯಾಗಿ ಕುಡಿಯದ ಮಗು, ತಾಯಿಯದು ನೆಗೆಟಿವ್ ರಕ್ತ ಮಗುವಿನದು ಪಾಸಿಟಿವ್ ಆಗಿದ್ದರೆ, ತಾಯಿಯದು ಓ ಗುಂಪು ಮಗುವಿನದು ಎ ಅಥವಾ ಬಿ ಆಗಿದ್ದರೆ, ಇವರ ಮೇಲೆ ಜಾಸ್ತಿ ಕಣ್ಣಿಡಬೇಕು. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಹಾಲಿಗೆ ಏಳದಿದ್ದರೆ, ಕಾಯುವ ಮಾತೇ ಇಲ್ಲ.

ಬಿಸಿಲಿಗೆ ಹಿಡಿದರೆ ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಆ ಮಾತು ಎಲ್ಲಿಂದಲೋ ಬಂದದ್ದಲ್ಲ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಅನ್ನುವ ನರ್ಸ್, ಬಿಸಿಲು ಬಿದ್ದ ಕಡೆ ಮಗುವಿನ ಚರ್ಮದ ಹಳದಿ ಕಡಿಮೆಯಾಗಿದ್ದನ್ನು ಗಮನಿಸಿದರು. ಅಲ್ಲಿಂದಲೇ ಇವತ್ತಿನ ನೀಲಿ ಲೈಟಿನ ಚಿಕಿತ್ಸೆ ಬೆಳೆದದ್ದು. ದಿನಾ ಮಗುವನ್ನು ಎತ್ತಿಕೊಳ್ಳುವ ಕೈಗೆ ಅದು ಗೊತ್ತಾಯಿತು, ನೋಡಿ. ಆದರೆ ಏರುತ್ತಿರುವ ಕಾಮಾಲೆಗೆ ಬಿಸಿಲು ಔಷಧಿಯಲ್ಲ. ಎಷ್ಟು ಬೆಳಕು ಬೀಳುತ್ತಿದೆ ಅನ್ನೋ ಅಳತೆ ಇಲ್ಲ, ಬೆತ್ತಲೆ ಮಗುವಿಗೆ ಮೈ ತಣ್ಣಗಾಗಬಹುದು ಅಥವಾ ಸುಡಬಹುದು. ಆಷಾಢದಲ್ಲಿ ನಮ್ಮಲ್ಲಿ ಬಿಸಿಲೇ ಇರೋದಿಲ್ಲ. ನಾಟಿ ಔಷಧಿಯೂ ಬೇಡ, ಬರೆ ಹಾಕಿಸೋದಂತೂ ಬೇಡವೇ ಬೇಡ. ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಿ.

ಈಗ ನಾನು ಕೇಳುವ ರೀತಿ ಬದಲಾಗಿದೆ. ಹೌದು, ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಬಿಟ್ಟಿದ್ದೇನೆ. ‘ಕೂಡಲೇ ಅತ್ತಿತಾ’ ಅಂದರೆ ಎಷ್ಟೋ ತಾಯಂದಿರಿಗೆ ಗೊತ್ತೇ ಇರಲ್ಲ, ಆ ಹೊತ್ತಿಗೆ ಅವರಿಗೆ ಜ್ಞಾನ ಇರುವುದಿಲ್ಲ, ಇಲ್ಲವೇ ಸುಸ್ತಾಗಿ ಬಿದ್ದಿರುತ್ತಾರೆ. ಅದರ ಬದಲು ಮಗುವನ್ನು ನಿಮ್ಮ ಕೈಗೆ ಯಾವಾಗ ಕೊಟ್ಟರು, ಮೊದಲ ಸಲ ಹಾಲು ಕುಡಿದದ್ದು ಎಷ್ಟು ಹೊತ್ತಿಗೆ, ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ದಿನ ಇತ್ತು, ನಿಮಗಿಂತ ಮುಂಚೆ ಮಗು ಮನೆಗೆ ಹೋಯಿತಾ ಆಮೇಲೆ ಹೋಯಿತಾ ಅಂತ ಕೇಳುತ್ತೇನೆ. ಬಾಗಿಲ ಹತ್ತಿರ ನಿಂತಿದ್ದ ಅಜ್ಜಿಗೆ ಗಂಟೆ ಸಮೇತ ನೆನಪಿರುತ್ತದೆ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ತರಿಸಿ ನಾನೇ ಓದುತ್ತೇನೆ. ತಾಯಿಯನ್ನು ಒಮ್ಮೆಯಾದರೂ ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತೇನೆ.

ಮತ್ತೆ, ಸಿಕ್ಕ ಉತ್ತರದಿಂದ ಮುಂದೆ ಏನು ನೋಡಬೇಕು ಅನ್ನೋದನ್ನು ಅಲ್ಲೇ ಬರೆಯುತ್ತೇನೆ. 34 ವಾರಕ್ಕಿಂತ ಮುಂಚೆ ಹುಟ್ಟಿದ್ದರೆ ಕಾಲಿನ ಬಿಗಿತದ ಜೊತೆ ಕಣ್ಣಿನ ರೆಟಿನಾ ತೋರಿಸಿದ್ದಾರಾ ಅಂತ ನೋಡಬೇಕು. ಮೊದಲ ಎರಡು ಮೂರು ದಿನ ಹಾಲು ಸಿಗದೆ, ಜೇನುತುಪ್ಪ ನೆಕ್ಕಿಸಿಕೊಂಡು, ಸಕ್ಕರೆ ಅಂಶ ಇಳಿದು ಫಿಟ್ಸ್ ಬಂದ ಮಗುವಾಗಿದ್ದರೆ ಮಿದುಳಿನ ಹಿಂಭಾಗಕ್ಕೆ, ಅಂದರೆ ನೋಟಕ್ಕೆ ಪೆಟ್ಟು ಬಿದ್ದಿರಬಹುದು. ತಾಯಿಗೆ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ಬಂದಿದ್ದರೆ ಕಣ್ಣು, ಕಿವಿ, ಹೃದಯ ಮೂರೂ. ಸೋದರಮಾವನ ಜೊತೆಯೋ ಹತ್ತಿರದ ಸಂಬಂಧದಲ್ಲೋ ಮದುವೆಯಾಗಿದ್ದು, ಹಿಂದೆ ಒಂದು ಮಗು ಹೀಗೇ ಆಗಿದ್ದರೆ ವಂಶದಿಂದ ಬಂದದ್ದಾ ಅಂತ ಪರೀಕ್ಷೆ ಬೇಕು. ಥೈರಾಯ್ಡ್ ಅಂತೂ ಕೇಳಲೇಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರುವ ಮಗುವಿಗೆ ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಉಳಿಯುತ್ತದೆ, ತಿಂಗಳುಗಟ್ಟಲೆ ತಡವಾದರೆ ಪೂರ್ತಿ ವಾಪಸ್ ಬರೋದಿಲ್ಲ.

ಇನ್ನೊಂದು ಮಾತು. ಹೆರಿಗೆ ಕಷ್ಟವಾದದ್ದಕ್ಕೇ ಮಗು ಹೀಗಾಯಿತು ಅಂತ ಎಲ್ಲರೂ ಹೇಳುತ್ತಾರೆ. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್ ಕೂಡ ಹಾಗೇ ಹೇಳಿದ್ದರು. ಆದರೆ 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಮನಸ್ಸಿನ ಶಾಸ್ತ್ರಕ್ಕೆ ಹೆಸರಾದ ಅವರೇ, ಹೊಟ್ಟೆಯಲ್ಲೇ ಏನೋ ಆಗಿದ್ದರಿಂದ ಹೆರಿಗೆ ಕಷ್ಟವಾಗಿರಬಹುದು ಅಂದರು. ಈಗ ನೋಡಿದರೆ ಎಷ್ಟೋ ಮಕ್ಕಳಲ್ಲಿ ತೊಂದರೆ ಹುಟ್ಟುವ ಮುಂಚೆಯೇ ಶುರುವಾಗಿರುತ್ತದೆ, ಕೆಲವರಲ್ಲಿ ಎರಡು ಮೂರು ಕಾರಣ ಸೇರಿರುತ್ತವೆ. ನಮ್ಮ ಮನೆಗಳಲ್ಲಿ ಮಾತ್ರ ಎಲ್ಲ ಹೋಗಿ ನಿಲ್ಲೋದು ತಾಯಿಯ ಮೇಲೆ. ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು. ಆ ಬೆಂಚಿನ ಮೇಲೆ ಕೂತ ತಾಯಿಯೂ ‘ನಾನು ಏನು ತಪ್ಪು ಮಾಡಿದೆ ಮೇಡಂ’ ಅಂತ ಕೇಳಿದರು. ಮಗು ಹಾಲಿಗೆ ಏಳುತ್ತಿಲ್ಲ ಅಂತ ಆ ಮನೆಯಲ್ಲಿ ಮೊದಲು ಕಂಡುಹಿಡಿದದ್ದು ನೀವು, ಕರೆದರೆ ತಿರುಗಲ್ಲ ಅಂತ ಮೊದಲು ಕಂಡುಹಿಡಿದದ್ದೂ ನೀವೇ, ಕೇಳಿಸಿಕೊಳ್ಳದವಳು ನಾನು ಅಂದೆ. ಅವರು ಅತ್ತರು. ನಾನೂ ಅತ್ತೆ.

ಅವನಿಗೀಗ ಚಿತ್ರದ ಬೋರ್ಡ್ ಇದೆ. ಬೇಕಾದ್ದನ್ನು ಕಣ್ಣಿನಿಂದ ತೋರಿಸುತ್ತಾನೆ. ಕಿವಿಯ ಚಿಕಿತ್ಸೆಯೂ ನಡೆಯುತ್ತಿದೆ.

ಆಶಾ ಕಾರ್ಯಕರ್ತೆಯರ ಜೊತೆ ಮಾತಾಡುವ ಅವಕಾಶ ಸಿಕ್ಕಾಗೆಲ್ಲ ನಾನು ಇದನ್ನೇ ಹೇಳುತ್ತೇನೆ. ಆಸ್ಪತ್ರೆ ಹೆರಿಗೆಯಾದರೂ 3ನೇ ದಿನ, 7ನೇ ದಿನ ಅವರು ಮನೆಗೆ ಹೋಗಲೇಬೇಕು ಅಂತ ಇದೆ. ಹೋದಾಗ ಮಗುವನ್ನು ಬಾಣಂತಿ ಕೋಣೆಯಲ್ಲಿ ನೋಡಬೇಡಿ, ಅರಿಶಿನ ಒರೆಸಿ, ಬೆಚ್ಚಗೆ ಸುತ್ತಿ, ಜಗಲಿಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಹಣೆ, ಎದೆ ಮೇಲೆ ಬೆರಳಿನಿಂದ ಒತ್ತಿ ಬಿಟ್ಟರೆ ಚರ್ಮದ ಬಣ್ಣ ಗೊತ್ತಾಗುತ್ತದೆ. ಆಮೇಲೆ ಅಂಗಾಲು ನೋಡಿ.

ಹೋದ ವಾರ ಹೊಸನಗರ ಕಡೆಯಿಂದ ನಾಲ್ಕು ತಿಂಗಳ ಹೆಣ್ಣು ಮಗು ಬಂತು. ಕತ್ತು ಸ್ವಲ್ಪ ಸಡಿಲ, ಅಷ್ಟೇ. ತಾಯಿ ಹೇಳುತ್ತಾ ಹೇಳುತ್ತಾ ‘ಲೈಟ್‌ನಲ್ಲಿ ಇಟ್ಟಿದ್ರು’ ಅಂದರು. ನಾನು ಪೆನ್ನು ಕೆಳಗಿಟ್ಟು, ಎಷ್ಟನೇ ದಿನ ಅಂತ ಕೇಳಿದೆ. ಒಎಇ ಪಾಸ್ ಆಗಿದೆ ಮೇಡಂ ಅಂತ ಚೀಟಿ ತೋರಿಸಿದರು. ಬೆರಾಗೆ ಬರೆದು ಕೊಟ್ಟಿದ್ದೇನೆ, ಮಂಗಳವಾರ ರಿಪೋರ್ಟ್ ಬರುತ್ತದೆ.