ಶಂಖದ ಬೆನ್ನೇರಿದ ಪ್ರಾಣಿ

ಶಿವಮೊಗ್ಗದಲ್ಲಿ ತಾಳಗುಪ್ಪ ರೈಲು ಹತ್ತಿದಾಗ ಜೋಗ ನೋಡುವುದಷ್ಟೇ ನಮ್ಮ ಲೆಕ್ಕ. ಜೊತೆಗಿದ್ದವಳು ಅಕ್ಕನ ಮಗಳು. ಬಿಎಸ್ಸಿ ಓದುತ್ತಾಳೆ. ಆನಂದಪುರ ದಾಟುವವರೆಗೂ ರೆಕಾರ್ಡ್ ಪುಸ್ತಕದಿಂದ ತಲೆ ಎತ್ತಲಿಲ್ಲ. ಇಣುಕಿದೆ. ಆಲೂಗಡ್ಡೆಗೆ ಎರಡು ಮೂತಿ ಇಟ್ಟಂಥ ಚಿತ್ರ.

"ಹರ್ಡ್ಮೇನಿಯಾ, ಮಾವ. ಸಮುದ್ರದ್ದು."

ಮಲೆನಾಡಿನ ಮಳೆಯಲ್ಲಿ ಕೂತು ಕಡಲ ಪ್ರಾಣಿ ಬಿಡಿಸುವುದು ತಮಾಷೆ ಅನಿಸಿತು.

ಸಾಗರದಲ್ಲಿ ಇಳಿದು ದೊಡ್ಡಮ್ಮನ ಮನೆಗೆ ಹೋದೆವು. ಹಲಸಿನ ಹಪ್ಪಳ, ಬಿಸಿ ಕಷಾಯ. ಹುಡುಗಿಯ ಕಣ್ಣು ಮಾತ್ರ ದೇವರ ಕೋಣೆಯ ಶಂಖದ ಮೇಲೆ.

"ಅಜ್ಜಿ, ಶಂಖದ ಹುಳ ಜೀವಂತ ಇದ್ದಾಗ ಅದರ ಬೆನ್ನ ಮೇಲೆ ಹರ್ಡ್ಮೇನಿಯಾ ಅಂಟಿಕೊಂಡಿರುತ್ತೆ, ಗೊತ್ತಾ?"

"ನಮ್ಮದಕ್ಕೆ ಏನೂ ಅಂಟಿಲ್ಲ ಕಣೇ, ದಿನಾ ತೊಳಿತೀನಿ" ಅಂದರು ದೊಡ್ಡಮ್ಮ.

ಬಂಡೆ ಸಿಕ್ಕಿದರೆ ಬಂಡೆಗೂ ಅಂಟುತ್ತದಂತೆ. ಒಂದು ಮೂತಿಯಿಂದ ನೀರು ಎಳೆದುಕೊಂಡು, ಆಹಾರ ಸೋಸಿ, ಇನ್ನೊಂದರಿಂದ ಬಿಡುತ್ತದೆ. ಮುಟ್ಟಿದರೆ ಪಿಚಕ್ ಅಂತ ಚಿಮ್ಮಿಸುತ್ತದೆ. ಇದರ ಹೃದಯ ಸ್ವಲ್ಪ ಹೊತ್ತು ಒಂದು ದಿಕ್ಕಿಗೆ ರಕ್ತ ನೂಕಿ, ನಿಂತು, ಆಮೇಲೆ ಉಲ್ಟಾ ನೂಕುತ್ತದೆ. ಹೊರಗಿನ ಹೊದಿಕೆಯಲ್ಲಿ ಸೆಲ್ಯುಲೋಸ್ ಇದೆ. ಅಂದರೆ ನಮ್ಮ ಅಡಿಕೆ ಹಾಳೆಯಲ್ಲಿರುವ ವಸ್ತುವೇ! ಪ್ರಾಣಿಯ ಮೈಮೇಲೆ ಅದು ಸಿಗುವುದು ಬಲು ಅಪರೂಪ.

ನನಗೆ ಜಾಸ್ತಿ ಹಿಡಿಸಿದ್ದು ಇದರ ಬಾಲ್ಯ. ಮರಿ ನೋಡಲು ಕಪ್ಪೆಮರಿಯಂತೆ. ಬಾಲದಲ್ಲಿ ನೋಟೋಕಾರ್ಡ್ ಎಂಬ ಕಡ್ಡಿ, ನಮ್ಮ ಬೆನ್ನುಮೂಳೆಗೆ ಪೂರ್ವಜ ಅನ್ನಬಹುದು. ಸ್ವಲ್ಪ ಕಾಲ ಈಜಿ, ತಲೆಯ ಕಡೆಯಿಂದ ಎಲ್ಲಾದರೂ ಅಂಟಿಕೊಂಡರೆ ಬಾಲವೂ ಕಡ್ಡಿಯೂ ಒಳಗೇ ಕರಗುತ್ತವೆ. ಹೀಗಾಗಿ ಈ ಆಲೂಗಡ್ಡೆ, ತಾನು ಕೂತ ಶಂಖದ ಹುಳಕ್ಕಿಂತ ನಮಗೇ ಹತ್ತಿರದ ನೆಂಟ. ದೊಡ್ಡಮ್ಮನಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಜೋಗ. 253 ಮೀಟರ್ ಜಲಪಾತವನ್ನು ಮಂಜು ಪೂರ್ತಿ ನುಂಗಿತ್ತು, ಸದ್ದು ಮಾತ್ರ ಇತ್ತು.

"ಈ ನೀರಲ್ಲಿ ಸಿಗಲ್ವಾ?" ಸುಮ್ನೆ ಕೇಳಿದೆ.

"ಇದರ ಬಳಗದ್ದು ಒಂದೂ ಸಿಹಿನೀರಲ್ಲಿ ಬದುಕಲ್ಲ ಮಾವ."

ಹಿಂದೂ ಮಹಾಸಾಗರ, ಶಾಂತಸಾಗರ, ಕೆಂಪು ಸಮುದ್ರ ಎಲ್ಲ ಕಡೆ ಇದರ ಸಂಸಾರ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮೆಡಿಟರೇನಿಯನ್‌ಗೂ ನುಗ್ಗಿದೆ. ಅಷ್ಟು ದೂರ ಹೋದದ್ದಕ್ಕೆ ಹೊನ್ನಾವರದಿಂದ ಶರಾವತಿಯಲ್ಲಿ ಮೇಲೆ ಬರಲು ಆಗದು!

ಮಂಜು ಸರಿಯಲೇ ಇಲ್ಲ. ಬಸ್ಸಿನಲ್ಲಿ ಅವಳು ಚೀಲ ತೆಗೆದು ನೋಡಿದರೆ ರೆಕಾರ್ಡ್ ಪುಸ್ತಕ ಒದ್ದೆ. ಹರ್ಡ್ಮೇನಿಯಾದ ಒಂದು ಮೂತಿ ಅಳಿಸಿಹೋಗಿತ್ತು.