ತೊಳೆಯುದು ಎಲ್ಲರಿಗೂ ಗೊತ್ತುಂಟು, ಒರೆಸುದು?

ನಾನು ಕಾಸರಗೋಡು ಜಿಲ್ಲೆಯ ಬಡಗು ಕಡೆ, ಕನ್ನಡ ಮಾತಾಡುವ ಒಂದು ಪಂಚಾಯತಿನಲ್ಲಿ ಪ್ಯಾಲಿಯೇಟಿವ್ ನರ್ಸ್, ಅಂದ್ರೆ ಗುಣ ಆಗದ ಕಾಯಿಲೆಯವರ, ಹಾಸಿಗೆ ಹಿಡಿದವರ ನರಳಾಟ ಕಡಿಮೆ ಮಾಡುವ ಆರೈಕೆ ನಮ್ಮದು. 2008ರಲ್ಲಿ ಕೇರಳ ಸರ್ಕಾರ ಪ್ಯಾಲಿಯೇಟಿವ್ ಪಾಲಿಸಿ ತಂದ ಮೇಲೆ ನಮ್ಮ ಈ ಹೋಂಕೇರ್ ಊರೂರಿಗೆ ಬಂತು, ನಾವು ಜೀಪಿನಲ್ಲಿ ಹೋಗ್ತೇವೆ, ಜೊತೆಗೆ ಆಶಾ ಕಾರ್ಯಕರ್ತೆ ಇರ್ತಾರೆ, ಕೆಲವು ಸಲ ವಾರ್ಡ್ ಮೆಂಬರ್. ಜನ ಎಣಿಸುದು ನಾವು ನೋವಿನ ಮಾತ್ರೆ ಕೊಡ್ಲಿಕ್ಕೆ, ಟ್ಯೂಬ್ ಬದಲಿಸ್ಲಿಕ್ಕೆ ಮಾತ್ರ ಬರುದು ಅಂತ. ನಿಜ ಹೇಳುದಾದ್ರೆ ನಮ್ಮ ಬ್ಯಾಗಿನಲ್ಲಿ ಅರ್ಧಕ್ಕರ್ಧ ಇರುದು ಚರ್ಮದ ಸಾಮಾನೇ, ಗಾಜ್, ಹತ್ತಿ, ಗ್ಲೌಸ್, ಝಿಂಕ್ ಕ್ರೀಮ್. ಮನೆಗೆ ಹೋಗಿ ಮಲಗಿದವರ ಬೆನ್ನು ನೋಡ್ತೇವೆ, ಹಿಮ್ಮಡಿ ನೋಡ್ತೇವೆ, ಕಾಲಿನ ಬೆರಳು ಬಿಡಿಸಿ ನೋಡ್ತೇವೆ, ಹೊರಡುವಾಗ ಮನೆಯ ಉಳಿದವರು ಒಬ್ಬೊಬ್ಬರೇ "ಸಿಸ್ಟರೇ ಇದೊಂದು ನೋಡಿ" ಅಂತ ತಮ್ಮ ತುರಿಕೆ ತೋರಿಸ್ತಾರೆ.

ಇಷ್ಟು ಮನೆ ನೋಡಿದ ಮೇಲೆ ನನಗೆ ಖಾತ್ರಿಯಾದ ವಿಷಯ ಒಂದೇ. ನಮ್ಮ ಊರಿನಲ್ಲಿ ಚರ್ಮ ಹಾಳಾಗುದು ಕೊಳೆಯಿಂದ ಅಲ್ಲ. ನಮ್ಮವರಷ್ಟು ಸ್ನಾನ ಮಾಡುವವರು ಇನ್ನು ಯಾರುಂಟು, ಬೆಳಿಗ್ಗೆ ಒಂದು, ತೋಟದಿಂದ ಬಂದು ಸಂಜೆ ಒಂದು, ಅದೂ ಸೋಪು ಹಾಕಿ ತಿಕ್ಕಿ ತಿಕ್ಕಿ. ಆದ್ರೆ ಸ್ನಾನ ಆದ ಮೇಲೆ ಬೈರಾಸು ಒಂದು ಸಲ ಮೈಮೇಲೆ ಎಳೆದು ಚಂಡಿ, ಅಂದ್ರೆ ಒದ್ದೆ, ಮೈಯಲ್ಲೇ ಬಟ್ಟೆ ಹಾಕಿಕೊಳ್ತಾರೆ. ಹಾಳು ಮಾಡುದು ಆ ಸಂದುಗಳಲ್ಲಿ ನಿಂತ ನೀರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಇದು, ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ, ಮೈಯ ನೀರು ತಾನಾಗಿ ಆರುದಿಲ್ಲ, ನಾವೇ ಒರೆಸಿ ತೆಗೀಬೇಕು.

ಕಾಲಿನ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದು ಒಮ್ಮೆ ಬಿಡಿಸಿ ನೋಡಿ, ಈಗಲೇ ನೋಡಿ. ಅಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ ಸಿಪ್ಪೆ ಎದ್ದಿದ್ರೆ ಅದು ನೀರು ತಿಂದದ್ದು. ಬೆರಳುಗಳು ಒತ್ತಿಕೊಂಡಿರುವ ಜಾಗ ಅದು, ಗಾಳಿ ಹೋಗುದಿಲ್ಲ. ಚರ್ಮದ ಮೇಲಿನ ಪದರ ನೀರು ಹೀರಿ ಊದಿಕೊಳ್ತದೆ, ಊದಿದ ಚರ್ಮ ಸ್ವಲ್ಪ ಉಜ್ಜಿದ್ರೂ ಹರೀತದೆ, ಹರಿದಲ್ಲಿ ಫಂಗಸ್ ಕೂರ್ತದೆ, ಅದರ ಹಿಂದೆಯೇ ಬ್ಯಾಕ್ಟೀರಿಯಾ. ಅಡಿಕೆ ತೋಟದಲ್ಲಿ ಕೆಲಸ ಮಾಡುವವರು, ಗದ್ದೆಗೆ ಇಳಿಯುವವರು, ಬೆಳಿಗ್ಗಿಂದ ಗಂಬೂಟು ಹಾಕಿಕೊಂಡೇ ಇರುವವರು, ಇವರಿಗೆಲ್ಲ ಮಳೆಗಾಲ ಪೂರ್ತಿ ಇದೇ ಕಥೆ. ಗಂಬೂಟು ಹೊರಗಿನ ನೀರು ತಡೀತದೆ ಸರಿ, ಒಳಗೆ ಬೆವರು ತುಂಬ್ತದೆ ಅಲ್ವಾ. ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲು ತೊಳೆದು ಬೆರಳು ಬೆರಳಿನ ಮಧ್ಯೆ ಹಳೇ ಹತ್ತಿ ಬಟ್ಟೆ ತೂರಿಸಿ ಒರೆಸಿ, ಬೂಟನ್ನು ತಲೆಕೆಳಗೆ ಇಡಿ, ಸಾಕ್ಸ್ ಬದಲಿಸಿ. ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೀರಿ. ತೊಡೆ ಸಂದು, ಕಂಕುಳು, ಹೆಂಗಸರಿಗೆ ಎದೆಯ ಕೆಳಗೆ, ಹೊಟ್ಟೆ ಇರುವವರಿಗೆ ಹೊಟ್ಟೆ ಮಡಿಕೆಯ ಅಡಿ, ಎಲ್ಲ ಕಡೆಗೂ ಇದೇ ಕ್ರಮ.

ಮಳೆಗಾಲದಲ್ಲಿ ಒಳಬಟ್ಟೆ ಒಣಗುದಿಲ್ಲ ಅಂತ ಎಲ್ಲ ಮನೆಯಲ್ಲೂ ಹೇಳ್ತಾರೆ, ಹೌದು, ಒಣಗುದಿಲ್ಲ. ಬಚ್ಚಲು ಒಲೆಯ ಹತ್ತಿರ ಹಗ್ಗ ಕಟ್ಟಿ, ಇಲ್ಲಾಂದ್ರೆ ಹಾಕುವ ಮೊದಲು ಇಸ್ತ್ರಿ ಪೆಟ್ಟಿಗೆ ಒಂದು ಸಲ ಎಳೀರಿ.

ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು, ಆದ್ರೆ ನನಗೆ ಇದರ ಬೆಲೆ ತೋರಿಸಿದ್ದು ಆನೆಕಾಲಿನ ರೋಗಿಗಳು. ಅರವತ್ತು ದಾಟಿದ ಒಬ್ಬರು ಅಮ್ಮ, ಮೊದಲು ಬೀಡಿ ಕಟ್ಟುತ್ತಿದ್ದವರು, ಒಂದು ಕಾಲು ಮೊಣಕಾಲಿನ ತನಕ ದಪ್ಪ. ಅವರಿಗೆ ಮಳೆ ಶುರುವಾದ್ರೆ ಜ್ವರ, ಅದೂ ಅಂಥಿಂಥ ಜ್ವರ ಅಲ್ಲ, ಗಡಗಡ ನಡುಕ, ಕಾಲು ಕೆಂಪಾಗಿ ಸುಡ್ತದೆ, ಮುಟ್ಲಿಕ್ಕೆ ಆಗುದಿಲ್ಲ, ಆಸ್ಪತ್ರೆಯಲ್ಲಿ ಮಲಗಿ ಇಂಜೆಕ್ಷನ್ ತಕೊಂಡು ಬರಬೇಕು. ಮನೆಯವರು ಮಳೆಯ ಶೀತದಿಂದ ಬರುವ ಜ್ವರ ಅಂತ ನಂಬಿದ್ರು, ಅದಕ್ಕಾಗಿ ಆ ಕಾಲಿಗೆ ನೀರೇ ತಾಗಿಸ್ತಿರಲಿಲ್ಲ, ಬಟ್ಟೆ ಸುತ್ತಿ ಬೆಚ್ಚಗೆ ಇಡ್ತಿದ್ರು. ನಾನು ಆ ಬಟ್ಟೆ ಬಿಚ್ಚಿ ಬೆರಳು ಬಿಡಿಸಿದ್ರೆ ಒಳಗೆ ಎರಡು ಮೂರು ಕಡೆ ಬಿರುಕು, ವಾಸನೆ.

ಆ ಜ್ವರದ ಬಾಗಿಲು ಅದೇ ಬಿರುಕು. ಆನೆಕಾಲು ತರುವ ಫೈಲೇರಿಯಾ ಹುಳ ಸತ್ತು ಎಷ್ಟೋ ವರ್ಷ ಆಗಿರ್ತದೆ, ಆದ್ರೆ ದುಗ್ಧರಸ, ಅಂದ್ರೆ ಮೈಯೊಳಗಿನ ತಿಳಿ ನೀರು, ಹರಿಯುವ ನಾಳ ಹಾಳಾಗಿಯೇ ಉಳೀತದೆ, ಆ ಕಾಲಿನಲ್ಲಿ ನೀರು ನಿಲ್ತದೆ, ಬ್ಯಾಕ್ಟೀರಿಯಾ ಒಳಗೆ ಹೋದ್ರೆ ಓಡಿಸುವ ಶಕ್ತಿ ಆ ಭಾಗಕ್ಕೆ ಕಡಿಮೆ. ಪ್ರತಿ ಸಲ ಜ್ವರ ಬಂದಾಗಲೂ ನಾಳ ಇನ್ನಷ್ಟು ಹಾಳಾಗ್ತದೆ, ಕಾಲು ಇನ್ನಷ್ಟು ದಪ್ಪ ಆಗ್ತದೆ, ಮಡಿಕೆ ಜಾಸ್ತಿ, ಮಡಿಕೆಯಲ್ಲಿ ಚಂಡಿ ಜಾಸ್ತಿ, ಮತ್ತೆ ಬಿರುಕು. ಈ ಸುತ್ತು ನಿಲ್ಲಿಸ್ಲಿಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೊದಲ ಕೆಲಸವೇ ದಿನಾ ಸೋಪು ನೀರಿನಲ್ಲಿ ಕಾಲು ತೊಳೆದು ಚೆನ್ನಾಗಿ ಒಣಗಿಸುದು, ಜೊತೆಗೆ ಕಾಲು ಎತ್ತರಕ್ಕೆ ಇಡುದು, ಸ್ವಲ್ಪ ವ್ಯಾಯಾಮ, ಸರಿಯಾದ ಚಪ್ಪಲಿ. ನಮ್ಮ ಕಾಸರಗೋಡಿನಲ್ಲೇ, ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ, ಆಯುರ್ವೇದ ಯೋಗ ಇಂಗ್ಲಿಷ್ ಮದ್ದು ಮೂರನ್ನೂ ಸೇರಿಸಿ ಆನೆಕಾಲಿಗೆ ಚಿಕಿತ್ಸೆ ಕೊಡ್ತಾರೆ, ದೂರದೂರದಿಂದ ಅಲ್ಲಿಗೆ ಜನ ಬರ್ತಾರೆ, ಹತ್ತಿರ ಇರುವ ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಅದು ನನಗೆ ಬಹಳ ಬೇಜಾರಿನ ವಿಷಯ.

ಆ ಅಮ್ಮನ ಮನೆಯಲ್ಲಿ ಮೊಮ್ಮಗಳು ಹೈಸ್ಕೂಲು, ಅವಳೇ ಜವಾಬ್ದಾರಿ ತಕೊಂಡ್ಲು. ರಾತ್ರಿ ಊಟಕ್ಕೆ ಮೊದಲು ಬಿಸಿ ಅಲ್ಲದ ನೀರು, ಸಾದಾ ಸೋಪು, ಮೇಲಿಂದ ಕೆಳಗೆ ತೊಳೆಯುದು, ಮಡಿಕೆ ಮಡಿಕೆ ಬಿಡಿಸಿ ಒರೆಸುದು, ಬೆರಳಿನ ಮಧ್ಯೆ ತೆಳು ಬಟ್ಟೆ ಸುತ್ತಿ ಎಳೆಯುದು, ಬಿರುಕಿಗೆ ಡಾಕ್ಟರ್ ಬರೆದ ಫಂಗಸಿನ ಕ್ರೀಮ್, ಮಲಗುವಾಗ ಕಾಲಿನಡಿ ದಿಂಬು. ಜ್ವರ ಪೂರ್ತಿ ನಿಂತಿತು ಅಂತ ನಾನು ಹೇಳುದಿಲ್ಲ, ಆದ್ರೆ ಬಹಳ ಕಡಿಮೆ ಆಯ್ತು, ಮಳೆಗಾಲದಲ್ಲಿ ಮದುವೆಗೆ ಹೋಗಿ ಬಂದೆ ಅಂತ ಅಮ್ಮ ಹೇಳುವಾಗ ಅವರಿಗಿಂತ ನನಗೇ ಖುಷಿ.

ಮಲಗಿದಲ್ಲೇ ಇರುವವರ ವಿಷಯದಲ್ಲಿ ಒದ್ದೆಯ ಜೊತೆ ಒತ್ತಡವೂ ಸೇರ್ತದೆ. ಮೂತ್ರ ಬೆವರು ನಿಂತು ಮೆತ್ತಗಾದ ಚರ್ಮದ ಮೇಲೆ ಮೈಯ ಭಾರ ಬಿದ್ರೆ ಹುಣ್ಣು ಆಗ್ಲಿಕ್ಕೆ ಹೆಚ್ಚು ದಿನ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಹೇಳ್ತೇವೆ, ಮನೆಯವರು ಕೇಳ್ತಾರೆ, ಆದ್ರೆ ಕೆಂಪಾದ ಜಾಗ ಕಂಡ ಕೂಡ್ಲೇ ಎಣ್ಣೆ ಹಾಕಿ ತಿಕ್ಕುದು ಶುರು ಮಾಡ್ತಾರೆ, ರಕ್ತ ಓಡಾಡ್ಲಿ ಅಂತ. ಪ್ರೀತಿಯಿಂದಲೇ ಮಾಡುದು, ಗೊತ್ತುಂಟು, ಆದ್ರೆ ಒಳಗೆ ಮೊದಲೇ ಪೆಟ್ಟಾದ ಮಾಂಸಕ್ಕೆ ಆ ತಿಕ್ಕು ಮತ್ತೊಂದು ಪೆಟ್ಟು. ಕೆಂಪಾದಲ್ಲಿ ಬೆರಳಿನಿಂದ ಒತ್ತಿ ಬಿಡಿ, ಬಿಳಿಯಾಗಿ ಮತ್ತೆ ಕೆಂಪಾದ್ರೆ ರಕ್ತ ಇನ್ನೂ ಓಡ್ತಾ ಉಂಟು, ಒತ್ತಿದ್ರೂ ಕೆಂಪು ಹಾಗೇ ಇದ್ರೆ ಹುಣ್ಣು ಶುರು ಅಂತ ಲೆಕ್ಕ, ನಮಗೆ ಫೋನ್ ಮಾಡಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುದಿಲ್ಲ, ಅಲ್ಲಿ ಬಿಸಿ ಉಂಟಾ, ಗಟ್ಟಿ ಉಂಟಾ ಅಂತ ಕೈಯಲ್ಲಿ ನೋಡಬೇಕು. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಅದು ಸುತ್ತಲಿನ ರಕ್ತ ಓಡಾಟವನ್ನೇ ತಡೀತದೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಅಡಿ ದಿಂಬು ಇಡಿ. ಪೌಡರ್ ಬಗ್ಗೆ ನನಗೆ ಸಿಟ್ಟೇ ಉಂಟು, ಒದ್ದೆ ಸಂದಿಗೆ ಪೌಡರ್ ಹಾಕಿದ್ರೆ ಅದು ಹಿಟ್ಟಿನ ಮುದ್ದೆ ಹಾಗೆ ಗಟ್ಟಿಯಾಗಿ ಚರ್ಮ ಕೊರೀತದೆ. ಒರೆಸಿ, ಆಮೇಲೆ ಝಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ, ಅದು ಮೂತ್ರ ಚರ್ಮಕ್ಕೆ ತಾಗದ ಹಾಗೆ ಕಾಯ್ತದೆ.

ಇನ್ನು ಹುಳುಕಡ್ಡಿ, ಇದೂ ಫಂಗಸೇ. ತೊಡೆ ಸಂದಿನಲ್ಲಿ, ಸೊಂಟದ ಸುತ್ತ ಉಂಗುರ ಉಂಗುರವಾಗಿ ಬರುವ ತುರಿಕೆ, ನಾಚಿಕೆಯಿಂದ ಯಾರಿಗೂ ತೋರಿಸುದಿಲ್ಲ, ಅಂಗಡಿಯಿಂದ ಒಂದು ಟ್ಯೂಬ್ ತಕೊಂಡು ಹಚ್ಚುದು. ಎರಡು ದಿನದಲ್ಲಿ ತುರಿಕೆ ಮಾಯ, ಬಿಟ್ಟ ಮೇಲೆ ದುಪ್ಪಟ್ಟಾಗಿ ಬರ್ತದೆ, ಮತ್ತೆ ಅದೇ ಟ್ಯೂಬ್. ಆ ಟ್ಯೂಬಿನಲ್ಲಿ ಕ್ಲೋಬೆಟಸಾಲ್ ಅಥವಾ ಬೀಟಾಮೆಥಾಸೋನ್ ಅಂತ ಬರೆದುಂಟಾ ನೋಡಿ, ಅದು ಸ್ಟಿರಾಯ್ಡ್. ಹುಳುಕಡ್ಡಿಯ ಕೆಂಪು, ತುರಿಕೆ ಎಲ್ಲ ನಮ್ಮ ಚರ್ಮ ಫಂಗಸಿನ ಜೊತೆ ಜಗಳ ಮಾಡುವ ಗುರ್ತು, ಸ್ಟಿರಾಯ್ಡ್ ಆ ಜಗಳ ನಿಲ್ಲಿಸ್ತದೆ, ಫಂಗಸ್ ಆರಾಮಾಗಿ ಹರಡ್ತದೆ, ಮೇಲಿಂದ ತೊಡೆ ಸಂದಿನ ತೆಳು ಚರ್ಮದಲ್ಲಿ ಗೆರೆ ಗೆರೆ ಬೀಳ್ತದೆ, ಆ ಗೆರೆ ಜೀವನಪೂರ್ತಿ ಹೋಗುದಿಲ್ಲ. ಇಂಥ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್‌ಗೆ ಸೇರಿಸಿ ಆಗಿದೆ, ಆದ್ರೂ ಮನೆಮನೆಯ ಕಿಟಕಿ ದಂಡೆಯಲ್ಲಿ ಹಿಂಡಿ ಚಪ್ಪಟೆಯಾದ ಆ ಟ್ಯೂಬ್ ನಾನು ನೋಡ್ತಾನೇ ಇದ್ದೇನೆ. ದಯವಿಟ್ಟು ಡಾಕ್ಟರಿಗೆ ತೋರಿಸಿ. ಬರೆದ ಮದ್ದು ಉಂಗುರದ ಅಂಚು ದಾಟಿ ಎರಡು ಸೆಂಟಿಮೀಟರ್ ಹೊರಗಿನ ತನಕ ಹಚ್ಚಬೇಕು, ಮಾಸಿದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಬಿಡದೆ ಹಚ್ಚಬೇಕು, ಮನೆಯಲ್ಲಿ ಬೈರಾಸು ಒಬ್ಬೊಬ್ಬರಿಗೆ ಬೇರೆ ಬೇರೆ ಬೇಕು.

ಕಜ್ಜಿಯ ವಿಷಯ ಚಿಕ್ಕದಾಗಿ ಹೇಳ್ತೇನೆ. ರಾತ್ರಿ ಜೋರಾಗುವ ತುರಿಕೆ, ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಗುಳ್ಳೆ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಇದ್ರೆ ಅದು ಕಜ್ಜಿ ಇರಬಹುದು, ಡಾಕ್ಟರ್ ಪರ್ಮೆತ್ರಿನ್ ಅನ್ನುವ ಕಜ್ಜಿಯ ಮದ್ದು ಬರೆದ್ರೆ ತುರಿಕೆ ಇದ್ದವರು ಇಲ್ಲದವರು ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗ್ಲಿಕ್ಕೆ ತಿಂಗಳೇ ಬೇಕಾಗಬಹುದು, ಹಾಗಾಗಿ "ನನಗೆಂತದ್ದೂ ಇಲ್ಲ" ಅನ್ನುವವರಿಂದಲೇ ತಿರುಗಿ ಎಲ್ಲರಿಗೂ ಬರುದು.

ಮತ್ತೆ ಒಂದು ಮಾತು ಬಿಳಿ ಮಚ್ಚೆಯ ಬಗ್ಗೆ. ಬೆನ್ನು ಎದೆಯ ಮೇಲೆ ಮಳೆಗಾಲ ಸೆಕೆಗಾಲದಲ್ಲಿ ಬರುವ ಚಿಬ್ಬಿಗೆ ಹೆದರುದು ಬೇಡ, ಉಗುರಿನಿಂದ ಕೆರೆದ್ರೆ ಸಣ್ಣ ಹೊಟ್ಟು ಬರ್ತದೆ, ಮುಟ್ಟಿದ್ದು ಗೊತ್ತಾಗ್ತದೆ. ಆದ್ರೆ ಮಾಸಲು ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದ್ರೆ ಗೊತ್ತೇ ಆಗದಿದ್ರೆ ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗಿ, ಕುಷ್ಠ ಆಗಿದ್ರೂ ಮದ್ದು ಪೂರ್ತಿ ಫ್ರೀ, ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಗುಣ, ಬೇಗ ಹೋದವರ ಕೈಕಾಲು ಉಳೀತದೆ.

ಸೋಪು ಎಣ್ಣೆ ಬಗ್ಗೆ ಕೇಳದ ಮನೆ ಇಲ್ಲ. ಸ್ನಾನದ ನೀರಿಗೆ ಡೆಟ್ಟಾಲ್ ದಿನಾ ಹಾಕುದು ಬೇಡ. ಚರ್ಮ ಸ್ವಲ್ಪ ಆಮ್ಲೀಯ, ಆಮ್ಲ ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಐದರ ಆಸುಪಾಸು, ನಾವು ಹಾಕುವ ಸೋಪು ಒಂಬತ್ತು ಹತ್ತು, ಅಂದ್ರೆ ಕ್ಷಾರ, ಹಾಗಾಗಿ ವಯಸ್ಸಾದವರಿಗೆ ಮೈ ಪೂರ್ತಿ ಸೋಪು ಬೇಕಾಗಿಲ್ಲ, ಕಂಕುಳು ಸಂದು ಪಾದಕ್ಕೆ ಸಾಕು. ತೆಂಗಿನೆಣ್ಣೆ ಒಳ್ಳೆಯದೇ, ಕೈಕಾಲು ಮೊಣಕಾಲಿಗೆ ಸ್ನಾನ ಆಗಿ ಮೈ ಒತ್ತಿ ಒರೆಸಿದ ಕೂಡ್ಲೇ ಹಚ್ಚಿದ್ರೆ ಇರುವ ತೇವ ಒಳಗೇ ಉಳೀತದೆ. ಸಂದುಗಳಿಗೆ, ಬೆರಳಿನ ನಡುವೆ ಮಾತ್ರ ಎಣ್ಣೆ ಬೇಡ. ಶುಗರ್ ಇರುವವರಿಗೆ ಇದು ಎರಡು ಸಲ ಹೇಳ್ತೇನೆ, ಬೆರಳಿನ ನಡುವೆ ಬೇಡ, ಮತ್ತೆ ರಾತ್ರಿ ಪಾದದ ಅಡಿ ನೋಡ್ಲಿಕ್ಕೆ ಒಂದು ಸಣ್ಣ ಕನ್ನಡಿ ಇಟ್ಟುಕೊಳ್ಳಿ, ಗಾಯ ಆದ್ರೂ ಆ ಕಾಲಿಗೆ ನೋವು ಗೊತ್ತಾಗದೆ ಇರಬಹುದು.

ಇತ್ತೀಚೆಗೆ ನಾನು ರೋಗಿಯನ್ನು ನೋಡಿ ಆದ ಮೇಲೆ ನೋಡಿಕೊಳ್ಳುವವರ ಕೈ ಕೂಡ ಕೇಳಿ ನೋಡ್ತೇನೆ. ಸೊಸೆಯೋ ಮಗಳೋ, ದಿನಾ ಬಟ್ಟೆ, ಪಾತ್ರೆ, ಮಲಮೂತ್ರದ ಚಾದರ, ಮೀನು, ಎಲ್ಲ ಆ ಎರಡು ಕೈಯಲ್ಲೇ, ಉಂಗುರದ ಅಡಿ ಸೋಪು ನಿಂತು ಚರ್ಮ ಒಡೆದು ರಕ್ತ ಬರ್ತಿರ್ತದೆ, ಕೇಳಿದ್ರೆ "ನನ್ನದೆಂತ ಸಿಸ್ಟರೇ, ಅತ್ತೆಯದ್ದು ನೋಡಿ" ಅಂತಾರೆ. ನಿಮ್ಮದೂ ಬೇಕು ಅಕ್ಕಾ. ಕೆಲಸಕ್ಕೆ ಮೊದಲು ಉಂಗುರ ತೆಗೆದಿಡಿ, ಪ್ರತಿ ಸಲ ತೊಳೆದ ಮೇಲೆ ಬೆರಳಿನ ಬುಡ ಒರೆಸಿ, ಮಲಗುವಾಗ ವ್ಯಾಸಲಿನ್ ಹಚ್ಚಿ. ರಬ್ಬರ್ ಗ್ಲೌಸ್ ಹಾಕುದಾದ್ರೆ ಒಳಗೆ ಒಂದು ಹತ್ತಿ ಗ್ಲೌಸ್ ಇರ್ಲಿ, ಬೆವರಿದ್ರೆ ತೆಗೆದು ಕೈ ಒರೆಸಿ, ಗ್ಲೌಸನ್ನು ಒಳಮೈ ಹೊರಗೆ ಮಾಡಿ ಒಣಗ್ಲಿಕ್ಕೆ ಹಾಕಿ, ಅದರ ಒಳಗೂ ನೀರು ನಿಲ್ತದೆ.