ಮೀನು ತೆಗೀಬೇಡಿ, ಕಲ್ಲು ತೆಗೀರಿ

ಈ ವಾರ ಪೂರ್ತಿ ತಲೇಲಿ ಒಂದೇ ಮಾತು ಸುತ್ತಾ ಇದೆ. "ಸಾರ್, ಮೀನು ತೆಗೀಬೇಡಿ, ಕಲ್ಲು ತೆಗೀರಿ." ಹೇಳಿದ್ದು ನಮ್ಮ ತುಮಕೂರಿನ ಅಕ್ವೇರಿಯಂ ಅಂಗಡಿ ಹುಡುಗ, ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲ, ಮೊಬೈಲಿಂದ ಕಣ್ಣೇ ಎತ್ತದೆ ಹೇಳ್ದ.

ಭಾಮೈದ ಶಿವಾಜಿನಗರಕ್ಕೆ ಹೋದವನು ಕವರಲ್ಲಿ ಒಂದು ಯೆಲ್ಲೋ ಲ್ಯಾಬ್ ಅನ್ನೋ ಮೀನು ಹಿಡ್ಕೊಂಡ್ ಬಂದ. ಅವನ ಗಿಫ್ಟೆಲ್ಲ ಹಿಂಗೇ, ಕೊಟ್ಟು ಕಾಫಿ ಕುಡ್ದು ಹೋಗ್ತಾನೆ, ಸಾಕೋದು ನಾವು. ನಾನು ಆಫೀಸಿಂದ ಬರೋಷ್ಟ್ರಲ್ಲಿ ಅವನೇ ಟ್ಯಾಂಕಿಗೆ ಬಿಟ್ಟೂ ಆಗಿತ್ತು. ಆ ನಾಲ್ಕಡಿ ಟ್ಯಾಂಕಿಗೆ ಆಗ್ಲೇ ಒಬ್ಬ ಯಜಮಾನ ಇದಾನೆ, ಕೆನ್ಯಿ ಅನ್ನೋ ಜಾತಿಯ ಗಂಡು ಮೀನು. ಮರಿ ಇದ್ದಾಗ ನೀಲಿ, ಮೈಮೇಲೆ ಪಟ್ಟೆ, ಬೆಳೀತಾ ಹಳದಿಗೆ ತಿರುಗಿದ, ಗಂಡು ಕೆನ್ಯಿಗಳೆಲ್ಲ ಹಂಗೇ, ಹೆಣ್ಣು ನೀಲಿನೇ ಉಳಿಯತ್ತೆ. ಈಗ ಬಂದವನೂ ಹಳದಿ. ಇಬ್ಬರೂ ಸಿಕ್ಲಿಡ್ ಅನ್ನೋ ಮೀನಿನ ಕುಟುಂಬದವರು, ಈ ಸಿಕ್ಲಿಡ್‌ಗಳಿಗೆ ಬೇರೆ ಬಣ್ಣದವನನ್ನಾದ್ರೂ ಹೆಂಗೋ ಸಹಿಸ್ಕೊಳ್ಳೋ ಬುದ್ಧಿ ಇದೆ, ತನ್ನ ಬಣ್ಣದವನನ್ನ ಕಂಡ್ರೆ ಮಾತ್ರ ಮೈಯೆಲ್ಲ ಉರಿ. ನೋಡಿದ್ರೆ ಹೊಸದು ಮೇಲ್ಗಡೆ ಮೂಲೇಲಿ ಹೀಟರ್ ಹಿಂದೆ ಸೇರ್ಕೊಂಡು, ರೆಕ್ಕೆ ಮೈಗೆ ಅಂಟಿಸ್ಕೊಂಡು, ಮೂತಿ ನೀರಿನ ಮಟ್ಟಕ್ಕೆ ಇಟ್ಟು ನಿಂತಿತ್ತು. ಬಾಲದ ತುದಿ ಹರಿದಿತ್ತು. ಒಂದು ಗೇಣು ಕೆಳಗಿಳಿದ್ರೆ ಸಾಕು, ಗುಹೆಯಿಂದ ಕೆನ್ಯಿ ರಪ್ ಅಂತ ಬಂದು ಪಕ್ಕೆಗೆ ಗುದ್ದೋನು, ಮತ್ತೆ ಮೂಲೆಗೆ.

ಅಪ್ಪ ಬಗ್ಗಿ ನೋಡಿ "ಇದು ನಮ್ಮ ಕೆರೆ ಜಿಲೇಬಿ ಮೀನಿನ ಮುಖಾನೇ ಅಲ್ವೇನೋ" ಅಂದ್ರು. ಸುಮ್ನೆ ಅಂದಿದ್ದು, ಆದ್ರೆ ನಿಜ, ಜಿಲೇಬಿ ಅಂದ್ರೆ ತಿಲಾಪಿಯಾ, ಅದೂ ಸಿಕ್ಲಿಡ್ಡೇ, ಆಫ್ರಿಕಾದ್ದೇ. 1952ರಲ್ಲಿ ಇಂಡಿಯಾಕ್ಕೆ ತಂದ್ರು, ಆಮೇಲೆ ಎಷ್ಟೋ ಕೆರೆಗಳಲ್ಲಿ ಊರ ಮೀನುಗಳಿಗೇ ಜಾಗ ಇಲ್ದಂಗೆ ಮಾಡ್ತು. ಅಲ್ಲಿ ಹೊಸಬನೇ ಯಜಮಾನ ಆದ.

ಮನೇಲೆಲ್ಲರ ತೀರ್ಪು ಒಂದೇ, ಕೆನ್ಯಿ ಕೆಟ್ಟವನು, ಅವನನ್ನ ವಾಪಸ್ ಕೊಡು. ಅದಕ್ಕೇ ಅಂಗಡಿಗೆ ಹೋಗಿದ್ದು. ಮೀನು ತೆಗೀಬೇಡಿ, ಕಲ್ಲು ತೆಗೀರಿ ಅಂದ. ಇವುಗಳ ಊರು ಆಫ್ರಿಕಾದ ಮಲಾವಿ ಸರೋವರ, ಅಲ್ಲಿ ಇವು ಬಂಡೆ ಸಂದೀಲೇ ಬದುಕೋದು, ಬಂಡೆ ಮೇಲಿನ ಪಾಚಿ ಕೆರ್ಕೊಂಡು ತಿನ್ನೋದು, ಹಂಗಾಗಿ ಬಂಡೆ ಯಾರದ್ದೋ ಜಾಗಾನೂ ಅವನದೇ. ಅಲ್ಲಿ ಸೋತವನು ಓಡಿಹೋಗ್ತಾನೆ, 500 ಕಿಲೋಮೀಟರಿಗೂ ಉದ್ದದ ಸರೋವರ, ಓಡೋಕೆ ಜಾಗ ಇದೆ. ನನ್ನ ಟ್ಯಾಂಕಲ್ಲಿ ಓಡಿದ್ರೆ ಎಲ್ಲಿಗೆ, ಹೀಟರ್ ಹಿಂದಕ್ಕೆ. ಜೊತೆಗೆ ಇನ್ನೂ ನಾಲ್ಕು ಬೇರೆ ಬಣ್ಣದವು ತಗೊಂಡ್ ಹೋಗಿ ಅಂದ, ಒಂದೇ ಇದ್ರೆ ಏಟೆಲ್ಲ ಅದಕ್ಕೇ, ಐದಿದ್ರೆ ಹಂಚ್ಕೊಳತ್ತೆ. ಪಕ್ಕಾ ವ್ಯಾಪಾರಿ. ಆದ್ರೂ ಹೇಳಿದ್ದು ಸರಿನೇ, ನಾಲ್ಕೂ ತಗೊಂಡ್ ಬಂದೆ.

ರಾತ್ರಿ ಲೈಟ್ ಆರಿಸಿ, ಕೆನ್ಯಿನ ಹಿಡ್ದು ಬಕೆಟ್ಟಿಗೆ ಹಾಕಿ, ಕಲ್ಲೆಲ್ಲ ಎತ್ತಿ ಬೇರೆ ಥರ ಜೋಡಿಸಿ, ಹಳೇ ಗುಹೆ ಇದ್ದ ಕಡೆ ಬರೀ ಮರಳು ಬಿಟ್ಟು, ಹೊಸವಕ್ಕೆ ಮೊದ್ಲು ಜಾಗ ಹುಡ್ಕೊಳ್ಳೋಕೆ ಬಿಟ್ಟು, ಎಲ್ಲಾ ಆದ್ಮೇಲೆ ಕೊನೇಗೆ ಅವನನ್ನ ಬಿಟ್ಟೆ. ನೇರ ಹೋದ, ಗುಹೆ ಇದ್ದ ಜಾಗಕ್ಕೇ. ಮರಳಿನ ಮೇಲೆ ನಿಂತ, ತಿರುಗಿದ, ಇನ್ನೊಂದ್ಸಲ ತಿರುಗಿದ, ಬಾಯಲ್ಲಿ ಒಂದು ಹರಳು ಎತ್ತಿ ಉಗುಳ್ದ. ಹಳದಿಯವನು ಪಕ್ಕದಲ್ಲೇ ಹಾದು ಹೋದ್ರೂ ಅಟ್ಟಿಸ್ಕೊಂಡು ಹೋಗ್ಲಿಲ್ಲ. ಅದನ್ನ ನೋಡಿದ್ಮೇಲೆ ಅವನನ್ನ ಕೆಟ್ಟವನು ಅನ್ನೋಕೆ ಮನಸು ಬರ್ತಿಲ್ಲ, ಕೆಟ್ಟತನ ಅಂತ ನಾವಂದಿದ್ದೆಲ್ಲ ಆ ನಾಲ್ಕು ಕಲ್ಲಲ್ಲೇ ಇತ್ತೇನೋ.

ನಾನು ದಿನಾ ಬೆಂಗಳೂರಿಗೆ ಟ್ರೈನಲ್ಲಿ ಹೋಗೋನು. ಪಾಸಿನವರ ಡಬ್ಬಿ ಗೊತ್ತಲ್ಲ, ಇಂಥ ಕಿಟಕಿ ಇಂಥವರದು, ಕರ್ಚೀಫ್ ಹಾಕೋದೂ ಬೇಡ, ಹೊಸಬ ಕೂತ್ರೆ "ಇಲ್ಲಿ ಬರ್ತಾರೆ" ಅಂತ ಮೂರು ಬಾಯಿ ಒಟ್ಟಿಗೆ. ಒಂದ್ಸಲ ಡಬ್ಬಿನೇ ಬದಲಾಯ್ತು, ಸೀಟು ಜೋಡಣೆನೇ ಬೇರೆ. ಅವತ್ತು ಎಲ್ಲರೂ ಹತ್ತಿ ಬೆಪ್ಪಾಗಿ ನಿಂತಿದ್ವಿ. ವರ್ಷಗಟ್ಲೆ ನನ್ನ ಮುಖ ನೋಡಿ ಗುರ್ ಅಂತಿದ್ದ ಅಂಕಲ್ ಒಬ್ರು ಜರುಗಿ ಜಾಗ ಕೊಟ್ಟು ಕಡ್ಲೆಕಾಯಿ ಪೊಟ್ಟಣ ಮುಂದೆ ಹಿಡಿದ್ರು. ಮನುಷ್ಯ ಒಳ್ಳೆಯವರೇ ಅನ್ನಿಸ್ತು. ಸ್ವಲ್ಪ ದಿನಕ್ಕೆ ಹೊಸ ಕಿಟಕಿ ಗಟ್ಟಿ ಆಯ್ತು, ಅಂಕಲ್ಲೂ ಮತ್ತೆ ಗುರ್.

ಕೆನ್ಯಿನೂ ಈಗ ಫಿಲ್ಟರ್ ಪೈಪ್ ಹತ್ರದ ಚಪ್ಪಡಿ ಕೆಳಗೆ ತೋಡೋಕೆ ಶುರು ಮಾಡಿದಾನೆ. ಅಟ್ಟಾಟ ಇದೆ, ಆದ್ರೆ ಐದು ಕಡೆ ಚದುರಿದೆ, ಹಳದಿಯವನು ನಡು ನೀರಿಗೆ ಬಂದು ತಿಂತಾ ಇದಾನೆ. ಮೀನು ಜಾಸ್ತಿ ಆದ್ರೆ ನೀರೂ ಬೇಗ ಕೆಡತ್ತೆ, ಭಾನುವಾರ ಮೂರನೇ ಒಂದು ಭಾಗ ಬದಲಾಯಿಸ್ಲೇಬೇಕು. ಗೀಸರ್ ಕಾಯಿಲಿಗೆ ಬೆಳ್ಳಗೆ ಪದರ ಕಟ್ಟೋ ನಮ್ಮ ಬೋರಿನ ಗಡಸು ನೀರು ಈ ಮಲಾವಿ ಮೀನಿಗೆ ಬಲು ಚೆನ್ನಾಗಿ ಒಗ್ಗತ್ತೆ, ನೀರಿನ ಚಿಂತೆ ಇಲ್ಲ. ಹಿಡಿದಿಡೋಕೆ ಡ್ರಮ್ ಬೇಕು. ಇರೋದು ಒಂದೇ, ಬಚ್ಚಲ ಪಕ್ಕದ ನೀಲಿ ಡ್ರಮ್, ಅದು ಹೆಂಡತಿ ಏರಿಯಾ. ಅಲ್ಲಿಗೆ ಕೈ ಹಾಕೋಕೆ ಮುಂಚೆ ಏನೇನು ಜರುಗಿಸ್ಬೇಕು ಅಂತ ಲೆಕ್ಕ ಹಾಕ್ತಾ ಇದೀನಿ.